ಹೋದ ದಾರಿಯಲ್ಲೇ ಮರಳಬೇಕು: ಒಂದು ಮನೆ, ಎರಡು ಇಂಟರ್‌ನೆಟ್ ಲೈನ್

ಮನೆಗೆ ಎರಡು ಇಂಟರ್‌ನೆಟ್ ಲೈನ್ ಹಾಕಿಸಿಕೊಂಡವರು ನನ್ನನ್ನು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಒಂದು ಲೈನ್ 100 ಎಂಬಿಪಿಎಸ್, ಇನ್ನೊಂದು 50. ಎರಡನ್ನೂ ರೌಟರಿಗೆ ಜೋಡಿಸಿದ್ದೇನೆ. ಆದರೂ ದೊಡ್ಡ ಫೈಲ್ ಇಳಿಸಿಕೊಳ್ಳುವಾಗ 150 ಏಕೆ ಬರುವುದಿಲ್ಲ?’ ಈ ಪ್ರಶ್ನೆಯ ಹಿಂದೆ ಒಂದು ಚಿತ್ರವಿದೆ. ಒಂದೇ ಗಾಡಿಗೆ ಎರಡು ಎತ್ತು ಕಟ್ಟಿದ ಚಿತ್ರ. ಎತ್ತು ಎರಡಾದರೆ ಎಳೆತವೂ ಎರಡರಷ್ಟು ಎಂಬ ಲೆಕ್ಕ. ಇವತ್ತು ಮೊದಲ ಕೆಲಸವಾಗಿ ಆ ಚಿತ್ರವನ್ನು ನಿಮ್ಮ ಮನಸ್ಸಿನಿಂದ ಅಳಿಸಬೇಕು ಎಂದುಕೊಂಡಿದ್ದೇನೆ. ನಿಮ್ಮ ಬಳಿ ಇರುವುದು ಒಂಟೆತ್ತಿನ ಎರಡು ಗಾಡಿಗಳು. ಒಂದು ಮೂಟೆಯನ್ನು ಯಾವುದಾದರೂ ಒಂದು ಗಾಡಿಗೇ ಹೇರಬೇಕು. ಮೂಟೆಗಳು ಬಹಳ ಇದ್ದರೆ ಎರಡು ಗಾಡಿಯಿಂದ ಖಂಡಿತ ಲಾಭವಿದೆ. ಇರುವುದು ಒಂದೇ ಮೂಟೆಯಾದರೆ ಎರಡನೆಯ ಗಾಡಿ ಖಾಲಿ ನಿಂತಿರುತ್ತದೆ.

ಆ ಮೂಟೆ ಎಂದರೆ ಏನು, ಅದನ್ನು ಬಿಚ್ಚಿ ಅರ್ಧರ್ಧ ಹೇರಲು ಏಕೆ ಆಗುವುದಿಲ್ಲ ಎಂಬುದು ತಿಳಿದರೆ ಉಳಿದ ವಿಷಯವೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ರೌಟರ್ ದಾರಿ ಆರಿಸುವುದು ಹೇಗೆ? ಒಂದು ಪ್ಯಾಕೆಟ್, ಅಂದರೆ ದತ್ತಾಂಶದ ಒಂದು ಚಿಕ್ಕ ತುಂಡು, ಬಂದಾಗ ಅದು ಎಲ್ಲಿಗೆ ಹೋಗಬೇಕು ಎಂಬ ವಿಳಾಸವನ್ನಷ್ಟೇ ರೌಟರ್ ಓದುತ್ತದೆ. ತನ್ನ ರೂಟಿಂಗ್ ಪಟ್ಟಿಯಲ್ಲಿ ಆ ವಿಳಾಸಕ್ಕೆ ಅತಿ ನಿಖರವಾಗಿ ಹೊಂದುವ ಸಾಲು ಯಾವುದು ಎಂದು ಹುಡುಕುತ್ತದೆ. ಯಾವುದೂ ಹೊಂದದಿದ್ದಾಗ ಕೊನೆಗೆ ಉಳಿಯುವುದು 0.0.0.0/0 ಎಂದು ಬರೆಯುವ ಡೀಫಾಲ್ಟ್ ಸಾಲು. ಮನೆಯ ರೌಟರಿಗೆ ಹೊರಗಿನ ಲೋಕವೆಲ್ಲ ಆ ಒಂದು ಸಾಲಿನೊಳಗೇ ಇದೆ. ಪ್ಯಾಕೆಟ್ ಕಳಿಸಿದ್ದು ಟಿವಿಯೋ ಲ್ಯಾಪ್‌ಟಾಪೋ, ಒಳಗಿರುವುದು ಸಿನಿಮಾವೋ ಕಚೇರಿಯ ಕರೆಯೋ ಎಂದು ರೂಟಿಂಗ್ ಪಟ್ಟಿ ಕೇಳುವುದೇ ಇಲ್ಲ.

ಈಗ ಎರಡನೆಯ ಲೈನ್ ಬಂತು. ಪಟ್ಟಿಯಲ್ಲಿ ಎರಡು ಡೀಫಾಲ್ಟ್ ಸಾಲುಗಳಾದವು. ಎರಡೂ ಸಮನಾಗಿ ಹೊಂದುತ್ತವೆ. ಆಗ ತೀರ್ಪು ಕೊಡುವುದು ಮೆಟ್ರಿಕ್ ಎಂಬ ಒಂದು ಸಂಖ್ಯೆ. ಯಾವುದರ ಮೆಟ್ರಿಕ್ ಕಡಿಮೆಯೋ ಅದಕ್ಕೇ ಎಲ್ಲ ಪ್ಯಾಕೆಟ್‌ಗಳೂ ಹೋಗುತ್ತವೆ. ಎರಡನೆಯ ಲೈನಿನ ದೀಪ ಮಿನುಗುತ್ತಿರುತ್ತದೆ, ತಿಂಗಳ ಬಿಲ್ ಬರುತ್ತಿರುತ್ತದೆ, ಅದರಲ್ಲಿ ಒಂದು ಪ್ಯಾಕೆಟ್ಟೂ ಓಡುವುದಿಲ್ಲ. ಎರಡು ಲೈನ್ ಇರುವ ಎಷ್ಟೋ ಮನೆಗಳಲ್ಲಿ ನಿಜವಾಗಿ ನಡೆಯುತ್ತಿರುವುದು ಇದೇ.

ಹಾಗಾದರೆ ಪ್ಯಾಕೆಟ್‌ಗಳನ್ನು ಒಂದು ಅತ್ತ, ಒಂದು ಇತ್ತ ಎಂದು ಹಂಚಿಬಿಟ್ಟರೆ ಆಗದೇ? ಆಗುವುದಿಲ್ಲ, ಅದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ಎಲ್ಲಕ್ಕಿಂತ ಮುಖ್ಯ. ಪ್ಯಾಕೆಟ್‌ಗಳನ್ನು ಕಳೆದುಹೋಗದಂತೆ, ಕ್ರಮವಾಗಿ ತಲುಪಿಸುವ ಟಿಸಿಪಿ ಎಂಬ, 1981ರಲ್ಲಿ ಬರೆದಿಟ್ಟ ನಿಯಮದ ಪ್ರಕಾರ ಒಂದು ಸಂಪರ್ಕದ ಗುರುತು ಎಂದರೆ ನಾಲ್ಕು ಸಂಗತಿಗಳ ಜೋಡಣೆ: ಈ ಬದಿಯ ಐಪಿ ವಿಳಾಸ, ಈ ಬದಿಯ ಪೋರ್ಟ್ (ಸಾಧನದೊಳಗೆ ಯಾವ ಕೆಲಸಕ್ಕೆ ಸೇರಿದ್ದು ಎಂದು ಹೇಳುವ ಸಂಖ್ಯೆ), ಆ ಬದಿಯ ಐಪಿ ವಿಳಾಸ, ಆ ಬದಿಯ ಪೋರ್ಟ್. ನಾಲ್ಕರಲ್ಲಿ ಒಂದು ಬದಲಾದರೂ ಅದು ಬೇರೆಯೇ ಸಂಪರ್ಕ. ಮನೆಯೊಳಗಿನ ಸಾಧನಗಳ ವಿಳಾಸ ಖಾಸಗಿಯದು, 192.168 ಎಂದು ಶುರುವಾಗುವಂಥದು. ಇಂಟರ್‌ನೆಟ್‌ನ ನಿಯಮಗಳನ್ನು ಬರೆದಿಡುವ ಆರ್‌ಎಫ್‌ಸಿ ಎಂಬ ದಾಖಲೆಗಳಲ್ಲಿ 1996ರ 1918ನೆಯದು ಅದಕ್ಕೆಂದೇ ಮೀಸಲಿಟ್ಟ ಮೂರು ಗುಂಪುಗಳಲ್ಲಿ ಒಂದು. ಹೊರಗೆ ಹೋಗುವಾಗ ಆ ವಿಳಾಸವನ್ನು ತೆಗೆದು ಲೈನಿನ ಸಾರ್ವಜನಿಕ ವಿಳಾಸವನ್ನು ಹಾಕಲಾಗುತ್ತದೆ. ನಾವು ನ್ಯಾಟ್ ಎನ್ನುವುದು ಇದನ್ನೇ. ಎರಡು ಲೈನ್ ಎಂದರೆ ಎರಡು ಸಾರ್ವಜನಿಕ ವಿಳಾಸ. ಒಂದೇ ಸಂಪರ್ಕದ ಪ್ಯಾಕೆಟ್‌ಗಳು ಎರಡು ವಿಳಾಸಗಳಿಂದ ಬಂದರೆ ಅರ್ಧ ಪ್ಯಾಕೆಟ್‌ಗಳು ಯಾರೋ ಅಪರಿಚಿತರಿಂದ ಬಂದಂತೆ ಸರ್ವರಿಗೆ ಕಾಣುತ್ತದೆ. ಅದು ಅವನ್ನು ತಿರಸ್ಕರಿಸುತ್ತದೆ.

‘ವಿಳಾಸ ಬದಲಿಸದೆ, ಒಂದು ಲೈನಿನ ವಿಳಾಸ ಹೊತ್ತ ಪ್ಯಾಕೆಟ್ಟನ್ನೇ ಇನ್ನೊಂದು ಲೈನಿನಲ್ಲಿ ಕಳಿಸಿದರೆ?’ ಎಂದು ಇಲ್ಲಿ ಜಾಣರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವೇ ಎರಡನೆಯ ಕಾರಣ, 2000ದ ಮೇ ತಿಂಗಳಿನ ಆರ್‌ಎಫ್‌ಸಿ 2827. ಪಾಲ್ ಫರ್ಗ್ಯುಸನ್ ಮತ್ತು ಡೇನಿಯಲ್ ಸೀನಿ ಬರೆದ ಈ ದಾಖಲೆ, ಸೇವಾದಾತರು ತಾವು ಕೊಟ್ಟ ವಿಳಾಸವಲ್ಲದ ಬೇರೆ ವಿಳಾಸ ಹೊತ್ತು ಗ್ರಾಹಕರ ಕಡೆಯಿಂದ ಬರುವ ಪ್ಯಾಕೆಟ್ಟನ್ನು ಬಾಗಿಲಲ್ಲೇ ತಡೆಯಬೇಕು ಎನ್ನುತ್ತದೆ. ಸುಳ್ಳು ವಿಳಾಸ ಹಾಕಿ ನಡೆಸುವ ದಾಳಿಗಳನ್ನು ನಿಲ್ಲಿಸುವುದು ಅದರ ಉದ್ದೇಶ. ಆ ಶೋಧನೆ ಇರುವ ಕಡೆ ನಿಮ್ಮ ಪ್ಯಾಕೆಟ್ಟೂ ಸದ್ದಿಲ್ಲದೆ ಮಾಯವಾಗುತ್ತದೆ. ಮೂರನೆಯ ಕಾರಣ ಅನುಕ್ರಮದ್ದು. ಎರಡು ಲೈನುಗಳ ವಿಳಂಬ ಒಂದೇ ಅಲ್ಲ. ಒಂದರಲ್ಲಿ 10 ಮಿಲಿಸೆಕೆಂಡ್, ಇನ್ನೊಂದರಲ್ಲಿ 60 ಇರಬಹುದು. ಮೊದಲು ಕಳಿಸಿದ್ದು ಆಮೇಲೆ ತಲುಪುತ್ತದೆ. ಮೂರು ಸಲ ಅದೇ ಸ್ವೀಕೃತಿ ಮರಳಿ ಬಂದರೆ ಪ್ಯಾಕೆಟ್ ಕಳೆದುಹೋಯಿತೆಂದು ತಿಳಿದು ಟಿಸಿಪಿ ಅದನ್ನು ಮತ್ತೆ ಕಳಿಸುತ್ತದೆ, ವೇಗವನ್ನೂ ತಗ್ಗಿಸುತ್ತದೆ. ವೇಗ ಹೆಚ್ಚಿಸಲು ಹೊರಟು ಇಳಿಸಿಕೊಂಡಂತೆ ಆಗುತ್ತದೆ.

ಹೀಗಾಗಿ ಹಂಚಬಹುದಾದ ಅತಿ ಚಿಕ್ಕ ಘಟಕ ಪ್ಯಾಕೆಟ್ ಅಲ್ಲ, ಸಂಪರ್ಕ. ನಾನು ಹೇಳಿದ ಮೂಟೆ ಅದೇ. ಒಂದು ಸಂಪರ್ಕ ಯಾವ ಲೈನಿನಲ್ಲಿ ಶುರುವಾಯಿತೋ ಅದರಲ್ಲೇ ಮುಗಿಯಬೇಕು. ಇವತ್ತು ನಾನು ಹೇಳಬೇಕಾದ ಮಾತು ಇದೊಂದೇ. ಮುಂದಿನದೆಲ್ಲ ಇದನ್ನು ಪಾಲಿಸುವ ಬಗೆ.

ಒಂದು ಸಂಪರ್ಕವನ್ನು ಹಿಡಿದು ಅದರ ಜೊತೆಗೇ ನಡೆದು ನೋಡೋಣ. ಲ್ಯಾಪ್‌ಟಾಪಿನ ವಿಳಾಸ 192.168.10.25. ಅದು 203.0.113.80 ಎಂಬ ಸರ್ವರಿನ 443ನೆಯ ಪೋರ್ಟಿಗೆ ಹೋಗಬೇಕು. ರೌಟರಿನ ಫೈಬರ್ ಬದಿಯ ಸಾರ್ವಜನಿಕ ವಿಳಾಸ 198.51.100.7, ಮೊಬೈಲ್ ಜಾಲದ ಬದಿಯದು 192.0.2.45. ಹೊರಗಿನ ಈ ಮೂರೂ ವಿಳಾಸಗಳನ್ನು ಉದಾಹರಣೆಗೆಂದೇ ಮೀಸಲಿಟ್ಟ ಗುಂಪುಗಳಿಂದ ಆರಿಸಿದ್ದೇನೆ. 2010ರಲ್ಲಿ ಆರ್‌ಎಫ್‌ಸಿ 5737 ಅವನ್ನು ಹೀಗೆ ತೆಗೆದಿಟ್ಟಿತು. ನೀವು ಯಾರಿಗಾದರೂ ಬರೆದು ತೋರಿಸುವಾಗಲೂ ಇವನ್ನೇ ಬಳಸಿ. ಬಾಯಿಗೆ ಬಂದ ಸಂಖ್ಯೆ ಬರೆದರೆ ಅದು ಬೇರೆ ಯಾರದೋ ನಿಜವಾದ ವಿಳಾಸವಾಗಿರಬಹುದು.

ಲ್ಯಾಪ್‌ಟಾಪ್ ಮೊದಲ ಪ್ಯಾಕೆಟ್ ಕಳಿಸಿತು. ರೌಟರ್ ತನ್ನ ಸಂಪರ್ಕಗಳ ದಾಖಲೆಯಲ್ಲಿ ಹುಡುಕುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಕಾನ್‌ಟ್ರ್ಯಾಕ್ ಎಂದು ಹೆಸರು. ಈ ನಾಲ್ಕರ ಜೋಡಣೆ ಅಲ್ಲಿಲ್ಲ, ಅಂದರೆ ಹೊಸ ಸಂಪರ್ಕ. ಈಗ, ಈ ಒಂದೇ ಒಂದು ಕ್ಷಣದಲ್ಲಿ, ತೀರ್ಮಾನವಾಗಬೇಕು. ಫೈಬರ್ ಎಂದು ನಿರ್ಧಾರವಾಯಿತು ಎನ್ನಿ. ರೌಟರ್ ಪ್ಯಾಕೆಟ್ಟಿಗೆ 1 ಎಂಬ ಗುರುತು ಹಾಕುತ್ತದೆ, ಅದೇ ಗುರುತನ್ನು ದಾಖಲೆಯಲ್ಲಿ ಈ ಸಂಪರ್ಕದ ಮುಂದೆಯೂ ಬರೆದಿಡುತ್ತದೆ. ಮೊಬೈಲ್ ಲೈನಾಗಿದ್ದರೆ ಗುರುತು 2. ಈ ಗುರುತು ರೌಟರಿನ ಒಳಗಿನದಷ್ಟೇ. ತಂತಿಯ ಮೇಲೆ ಹೋಗುವುದಿಲ್ಲ. ಮುಂದಿನ ಪ್ಯಾಕೆಟ್‌ಗಳಿಗೆ ಹೊಸ ತೀರ್ಮಾನವಿಲ್ಲ. ದಾಖಲೆಯಿಂದ ಗುರುತನ್ನು ತೆಗೆದು ಹಚ್ಚಿದರೆ ಸಾಕು.

ಗುರುತಿನಿಂದ ದಾರಿಗೆ ಹೋಗುವುದು ಹೇಗೆ? ಇಲ್ಲಿ ಬರುವುದು ಪಾಲಿಸಿ ರೂಟಿಂಗ್. ಲಿನಕ್ಸ್‌ನಲ್ಲಿ ಇದು 1999ರ 2.2ನೆಯ ಆವೃತ್ತಿಯಿಂದಲೂ ಇದೆ. ರೂಟಿಂಗ್ ಪಟ್ಟಿ ಒಂದೇ ಇರಬೇಕಾಗಿಲ್ಲ, ಎಷ್ಟು ಬೇಕೋ ಅಷ್ಟು ಇಟ್ಟುಕೊಳ್ಳಬಹುದು. 101ನೆಯ ಪಟ್ಟಿಯ ಡೀಫಾಲ್ಟ್ ಸಾಲು ಫೈಬರ್ ಕಡೆಗೆ, 102ನೆಯದರದು ಮೊಬೈಲ್ ಕಡೆಗೆ. ಇವುಗಳ ಮೇಲೆ ನಿಯಮಗಳ ಒಂದು ಪಟ್ಟಿ: ಗುರುತು 1 ಇದ್ದರೆ 101 ನೋಡು, ಗುರುತು 2 ಇದ್ದರೆ 102 ನೋಡು. ನಿಯಮಗಳನ್ನು ಚಿಕ್ಕ ಸಂಖ್ಯೆಯಿಂದ ದೊಡ್ಡದಕ್ಕೆ ಓದಲಾಗುತ್ತದೆ. ನಮಗೆ ಪರಿಚಿತವಾದ ಮುಖ್ಯ ಪಟ್ಟಿಯ ಸರದಿ ಬರುವುದು 32766ರಲ್ಲಿ, ಬಹಳ ಕೊನೆಗೆ.

ಇಲ್ಲೊಂದು ಗುಂಡಿಯಿದೆ, ನಾನೇ ಅದರಲ್ಲಿ ಒಂದು ಇಡೀ ರಾತ್ರಿ ಕಳೆದಿದ್ದೇನೆ. ಸರ್ವರಿನ ಉತ್ತರ ಫೈಬರ್ ಲೈನಿನಲ್ಲಿ ಬಂತು. ನ್ಯಾಟ್ ಅದರ ಮೇಲಿನ ವಿಳಾಸವನ್ನು ಮತ್ತೆ 192.168.10.25 ಎಂದು ತಿದ್ದಿತು. ದಾಖಲೆಯಿಂದ ಗುರುತು 1 ಬಂದು ಅಂಟಿಕೊಂಡಿತು. ಇನ್ನೇನು ಲ್ಯಾಪ್‌ಟಾಪಿಗೆ ತಲುಪಬೇಕು. ಆದರೆ ಗುರುತು 1 ಎಂದರೆ 101ನೆಯ ಪಟ್ಟಿ, ಅದರಲ್ಲಿ ಇರುವುದು ಡೀಫಾಲ್ಟ್ ಸಾಲೊಂದೇ. ಮನೆಯೊಳಗಿನ ಜಾಲದ ಸುಳಿವೇ ಆ ಪಟ್ಟಿಗಿಲ್ಲ. ಹೀಗಾಗಿ ಲ್ಯಾಪ್‌ಟಾಪಿಗೆ ಬಂದ ಉತ್ತರವನ್ನು ರೌಟರ್ ಮತ್ತೆ ಫೈಬರಿಗೇ ತಳ್ಳಿಬಿಡುತ್ತದೆ. ಪ್ಯಾಕೆಟ್‌ಗಳ ಓಡಾಟ ತೋರಿಸುವ ಟಿಸಿಪಿಡಂಪ್ ತೆರೆದು ನೋಡಿದಾಗ, ಒಳಗೆ ಬಂದ ಪ್ಯಾಕೆಟ್ ಬಂದ ಬಾಗಿಲಲ್ಲೇ ಹೊರಗೆ ಹೋಗುವುದು ಕಣ್ಣೆದುರೇ ಕಾಣುತ್ತಿತ್ತು. ಪರಿಹಾರಕ್ಕೆ ಎರಡು ದಾರಿಗಳಿವೆ. ಮನೆಯ ಜಾಲದ ಸಾಲನ್ನು 101 ಮತ್ತು 102 ಎರಡಕ್ಕೂ ಸೇರಿಸುವುದು ಒಂದು. ಇನ್ನೊಂದು ನನಗೆ ಹೆಚ್ಚು ಇಷ್ಟವಾದದ್ದು: ಗುರುತಿನ ನಿಯಮಗಳಿಗಿಂತ ಮೊದಲೇ ‘ಮುಖ್ಯ ಪಟ್ಟಿಯನ್ನು ನೋಡು, ಅದರ ಡೀಫಾಲ್ಟ್ ಸಾಲನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡ’ ಎಂಬ ನಿಯಮ ಇಡುವುದು. ಮುಂದೆ ಮನೆಯಲ್ಲಿ ಇನ್ನೊಂದು ಒಳಜಾಲ ಸೇರಿದರೂ ಏನನ್ನೂ ಮುಟ್ಟಬೇಕಾಗುವುದಿಲ್ಲ.

ಇವೆಲ್ಲವನ್ನೂ ಕೈಯಾರೆ ಬರೆಯಲೇಬೇಕೇ? ಬೇಕಿಲ್ಲ. ಓಪನ್‌ಡಬ್ಲ್ಯುಆರ್‌ಟಿ ಎಂಬ ರೌಟರ್ ತಂತ್ರಾಂಶದಲ್ಲಿ ಎಂವಾನ್3 ಎಂಬ ಪ್ಯಾಕೇಜ್ ಗುರುತು, ಪಟ್ಟಿ, ನಿಯಮ ಎಲ್ಲವನ್ನೂ ತಾನೇ ಕಟ್ಟುತ್ತದೆ. ಪಿಎಫ್‌ಸೆನ್ಸ್ ಎಂಬ ಇನ್ನೊಂದರಲ್ಲಿ ಗೇಟ್‌ವೇ ಗುಂಪು ಎಂಬ ವ್ಯವಸ್ಥೆಯಿದೆ. ಮೈಕ್ರೋಟಿಕ್ ರೌಟರುಗಳಲ್ಲಿ ಪಿಸಿಸಿ ಎಂಬ ವಿಧಾನದಿಂದ ಸಂಪರ್ಕಗಳನ್ನು ವರ್ಗೀಕರಿಸಬಹುದು. ಹೊರಗಿನ ಲೈನ್ ಸಿಕ್ಕಿಸುವ ವಾನ್ ಪೋರ್ಟ್ ಎರಡಿರುವ ಸಿದ್ಧ ರೌಟರುಗಳೂ ಸಿಗುತ್ತವೆ. ಆದರೂ ಒಳಗಿನದನ್ನು ಇಷ್ಟು ಬಿಡಿಸಿ ಹೇಳಿದ್ದೇಕೆಂದರೆ, ಕೆಟ್ಟಾಗ ಎಲ್ಲಿ ನೋಡಬೇಕು ಎಂಬುದನ್ನು ಯಾವ ಪ್ಯಾಕೇಜೂ ಹೇಳಿಕೊಡುವುದಿಲ್ಲ.

ಹೊರಗಿನಿಂದ ಒಳಬರುವ ಸಂಪರ್ಕಗಳಿಗೂ ಇದೇ ತತ್ತ್ವ. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೋಡಲು ಮೊಬೈಲ್ ಲೈನಿನ ಬದಿಯಲ್ಲಿ ಪೋರ್ಟ್ ತೆರೆದಿದ್ದೀರಿ ಎನ್ನಿ. ಮೊದಲ ಪ್ಯಾಕೆಟ್ ಅಲ್ಲಿಂದ ಬಂದಾಗಲೇ ಗುರುತು 2 ಬೀಳಬೇಕು. ಇಲ್ಲವಾದರೆ ಕ್ಯಾಮೆರಾದ ಉತ್ತರ ಫೈಬರ್ ಕಡೆ ಹೊರಟು ದಾರಿ ತಪ್ಪುತ್ತದೆ. ರಿವರ್ಸ್ ಪಾತ್ ಫಿಲ್ಟರ್ ಎಂಬ ಲಿನಕ್ಸ್ ಕಾವಲುಗಾರನನ್ನೂ ಇಲ್ಲಿ ನೆನಪಿಡಿ. ಅದು ‘ಈ ಪ್ಯಾಕೆಟ್ಟಿಗೆ ನಾನು ಉತ್ತರಿಸುವುದಾದರೆ ಇದೇ ಬಾಗಿಲಿನಿಂದ ಕಳಿಸುತ್ತಿದ್ದೆನೇ?’ ಎಂದು ಕೇಳಿಕೊಂಡು, ಅಲ್ಲ ಎಂದಾದರೆ ಪ್ಯಾಕೆಟ್ಟನ್ನು ಎಸೆಯುತ್ತದೆ. ಅದರ ಬೆಲೆ 1 ಇದ್ದರೆ ಕಟ್ಟುನಿಟ್ಟು, 2 ಇದ್ದರೆ ಸಡಿಲ. ಎರಡು ಲೈನ್ ಇರುವ ರೌಟರಿನಲ್ಲಿ 2 ಇಡಿ.

ಇನ್ನು ನಿರ್ಧಾರದ ಆ ಕ್ಷಣಕ್ಕೆ ಮರಳೋಣ. ಯಾವ ಸಂಪರ್ಕ ಯಾವ ಲೈನಿಗೆ? ಹೆಚ್ಚಿನವರು ಮೊದಲು ಮಾಡುವುದು ಲೋಡ್ ಬ್ಯಾಲೆನ್ಸಿಂಗ್: 100ಕ್ಕೆ 50 ಎಂದರೆ 2ಕ್ಕೆ 1ರ ತೂಕ. ಪ್ರತಿ ಮೂರು ಹೊಸ ಸಂಪರ್ಕಗಳಲ್ಲಿ ಸರಾಸರಿ ಎರಡು ಫೈಬರಿಗೆ, ಒಂದು ಮೊಬೈಲಿಗೆ. ಹಲವು ಸಂಪರ್ಕಗಳನ್ನು ಒಟ್ಟಿಗೆ ತೆರೆಯುವ ಟೊರೆಂಟ್‌ನಂಥ ಕೆಲಸದಲ್ಲಿ ನಿಜಕ್ಕೂ 150ರ ಹತ್ತಿರ ಕಾಣುತ್ತದೆ. ಕಾಗದದ ಮೇಲೆ ಸೊಗಸಾದ ಏರ್ಪಾಡು.

ಆದರೆ ಒಂದು ಸಂಜೆ ಮನೆಯವರೊಬ್ಬರು ಬ್ಯಾಂಕಿನ ಜಾಲತಾಣ ತೆರೆದು ಕೂತರು. ಲಾಗಿನ್ ಆದರು, ಖಾತೆಯ ಪುಟ ಬಂತು. ಇನ್ನೊಂದು ಕೊಂಡಿ ಒತ್ತಿದ ಕೂಡಲೇ ‘ನಿಮ್ಮ ಅಧಿವೇಶನ ಮುಗಿದಿದೆ’ ಎಂಬ ಸಂದೇಶ. ಮತ್ತೆ ಲಾಗಿನ್, ಮತ್ತೆ ಅದೇ. ಮೂರು ಸಲ ಹೀಗಾದ ಮೇಲೆ ಖಾತೆಗೆ ತಾತ್ಕಾಲಿಕ ಬೀಗ ಬಿತ್ತು. ಆದದ್ದಿಷ್ಟು: ಒಂದು ಜಾಲತಾಣವನ್ನು ನೋಡುವಾಗ ಬ್ರೌಸರ್ ಹಲವು ಸಂಪರ್ಕಗಳನ್ನು ತೆರೆಯುತ್ತದೆ. ಒಂದೊಂದು ಸಂಪರ್ಕವೂ ತನ್ನ ಮಟ್ಟಿಗೆ ಸರಿಯಾಗಿಯೇ ಒಂದು ಲೈನಿನಲ್ಲಿ ಶುರುವಾಗಿ ಅದರಲ್ಲೇ ಮುಗಿದಿದೆ. ಆದರೆ ಬ್ಯಾಂಕಿನ ಸರ್ವರ್ ಲಾಗಿನ್ ಆದವರನ್ನು ಅವರ ಐಪಿ ವಿಳಾಸಕ್ಕೆ ಗಂಟು ಹಾಕಿ ನೆನಪಿಡುತ್ತದೆ. ಲಾಗಿನ್ 198.51.100.7ರಿಂದ, ಮುಂದಿನ ವಿನಂತಿ 192.0.2.45ರಿಂದ ಎಂದಾಗ ಯಾರೋ ಕಳ್ಳರು ನುಸುಳಿದ್ದಾರೆ ಎಂದು ಅದು ಭಾವಿಸಿದ್ದು ಸರಿಯೇ. ತಪ್ಪು ನಮ್ಮ ಹಂಚಿಕೆಯಲ್ಲಿತ್ತು.

ಇದಕ್ಕೆ ಪರಿಹಾರವಿದೆ. ಕಳಿಸುವ ವಿಳಾಸ ಮತ್ತು ತಲುಪುವ ವಿಳಾಸ ಎರಡನ್ನೂ ಸೇರಿಸಿ ಹ್ಯಾಶ್ ಮಾಡಿ (ಅದೇ ವಿಳಾಸಗಳಿಗೆ ಯಾವಾಗಲೂ ಅದೇ ಸಂಖ್ಯೆ ಕೊಡುವ ಲೆಕ್ಕ) ಅದರಿಂದ ಲೈನ್ ಆರಿಸಿದರೆ, ಒಂದು ಲ್ಯಾಪ್‌ಟಾಪಿನಿಂದ ಒಂದು ಸರ್ವರಿಗೆ ಹೋಗುವ ಸಂಪರ್ಕಗಳೆಲ್ಲ ಒಂದೇ ಲೈನ್ ಹಿಡಿಯುತ್ತವೆ. ಆದರೆ ಲಾಗಿನ್ ಒಂದು ಸರ್ವರಿನಲ್ಲಿ, ಖಾತೆಯ ಪುಟ ಇನ್ನೊಂದರಲ್ಲಿ ಇದ್ದರೆ ಮತ್ತೆ ಅದೇ ಕಥೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ: ಮನೆಯಲ್ಲಿ ದಾಳ ಉರುಳಿಸಿ ಹಂಚಬೇಡಿ. ಸಾಧನ ನೋಡಿ, ಕೆಲಸ ನೋಡಿ ಹಂಚಿ. ಕಚೇರಿಯ ಲ್ಯಾಪ್‌ಟಾಪ್ ಮತ್ತು ಕರೆಗಳು ವಿಳಂಬ ಕಡಿಮೆ ಇರುವ ಲೈನಿಗೆ. ಟಿವಿ, ರಾತ್ರಿ ಓಡುವ ಬ್ಯಾಕಪ್, ಆಟದ ಯಂತ್ರಕ್ಕೆ ಇಳಿಯುವ ದೊಡ್ಡ ದೊಡ್ಡ ಅಪ್‌ಡೇಟುಗಳು ಇನ್ನೊಂದಕ್ಕೆ. ಡೇಟಾಗೆ ಮಿತಿಯಿರುವ ಲೈನಿಗೆ ಟಿವಿಯನ್ನು ಕಟ್ಟಬೇಡಿ ಎಂದು ಬೇರೆಯಾಗಿ ಹೇಳಬೇಕಿಲ್ಲ. ಒಟ್ಟು ವೇಗದಲ್ಲಿ ಒಂದಿಷ್ಟು ಬಳಕೆಯಾಗದೆ ಉಳಿಯಬಹುದು. ಆದರೆ ‘ಇವತ್ತು ಕರೆ ತುಂಡಾಗುತ್ತಿದೆ’ ಎಂದು ಮನೆಯವರು ಹೇಳಿದಾಗ ಯಾವ ಲೈನನ್ನು ನೋಡಬೇಕು ಎಂಬುದು ನಿಮಗೆ ತಕ್ಷಣ ಗೊತ್ತಿರುತ್ತದೆ. ದಾಳದ ಹಂಚಿಕೆಯಲ್ಲಿ ಅರ್ಧ ದೂರುಗಳು ನೀವು ನೋಡಲು ಹೋಗುವಷ್ಟರಲ್ಲಿ ಮಾಯವಾಗಿ, ನಾಳೆ ಮತ್ತೆ ಹುಟ್ಟುತ್ತವೆ. ಆ ಬಗೆಯ ದೋಷವನ್ನು ಬೆನ್ನಟ್ಟುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ.

ವೇಗದ ಮಾತು ಸಾಕು. ಹೆಚ್ಚಿನವರು ಎರಡನೆಯ ಲೈನ್ ಹಾಕಿಸುವುದು ಮೊದಲನೆಯದು ಕೈಕೊಟ್ಟಾಗ ಇರಲಿ ಎಂದು. ಫೇಲ್‌ಓವರ್. ಇದು ಸುಲಭದ ಕೆಲಸದಂತೆ ಕಾಣುತ್ತದೆ: ಒಂದು ಸತ್ತರೆ ಇನ್ನೊಂದಕ್ಕೆ ಹೋಗು. ಕಷ್ಟವಿರುವುದು ‘ಸತ್ತರೆ’ ಎಂಬ ಪದದಲ್ಲಿ. ರೌಟರಿಗೂ ಮೋಡೆಮಿಗೂ ನಡುವಿನ ಕೇಬಲ್ ಚೆನ್ನಾಗಿದೆ, ದೀಪ ಹಸಿರು ಉರಿಯುತ್ತಿದೆ, ‘ಇದ್ದೀಯಾ?’ ಎಂದು ಕೇಳುವ ಪಿಂಗ್ ಎಂಬ ಪ್ಯಾಕೆಟ್ಟಿಗೆ ಮೋಡೆಮ್ ಉತ್ತರಿಸುತ್ತಿದೆ. ಆದರೆ ಬೀದಿಯಾಚೆ ಎಲ್ಲೋ ಫೈಬರ್ ತುಂಡಾಗಿದೆ. ರೌಟರಿನ ಪಾಲಿಗೆ ಲೈನ್ ಬದುಕೇ ಇದೆ. ಹಾಗಾಗಿ ಮೋಡೆಮಿನಾಚೆಗಿನ ಯಾವುದನ್ನಾದರೂ ಆಗಾಗ ತಟ್ಟಿ ನೋಡಬೇಕು. ಒಂದನ್ನಲ್ಲ, ಎರಡು ಮೂರನ್ನು. ಗೂಗಲ್‌ನ 8.8.8.8 ಮತ್ತು ಕ್ಲೌಡ್‌ಫ್ಲೇರ್‌ನ 1.1.1.1 ಹೆಚ್ಚಿನವರು ಬಳಸುವ ಗುರಿಗಳು. ಒಂದು ಗುರಿ ಉತ್ತರಿಸದಿದ್ದರೆ ಆ ಗುರಿಯದೇ ತೊಂದರೆ ಇರಬಹುದು. ಎಲ್ಲವೂ ಮೌನವಾದರೆ ಲೈನ್ ಹೋಗಿದೆ. ಈ ಪಿಂಗ್ ಯಾವ ಲೈನಿನ ಪರೀಕ್ಷೆಯೋ ಅದೇ ಲೈನಿನಲ್ಲಿ ಹೋಗುವಂತೆ ಕಟ್ಟಿಹಾಕುವುದನ್ನು ಮರೆಯಬೇಡಿ. ಮರೆತರೆ ಫೈಬರ್ ಸತ್ತ ಮೇಲೆ ಅದರ ಪರೀಕ್ಷೆಯ ಪಿಂಗ್ ಮೊಬೈಲ್ ಲೈನಿನಲ್ಲಿ ಹೋಗಿ ಬರುತ್ತದೆ, ಫೈಬರ್ ಬದುಕಿದೆ ಎಂದು ರೌಟರ್ ನಂಬುತ್ತದೆ, ಎಲ್ಲರನ್ನೂ ಮತ್ತೆ ಸತ್ತ ಲೈನಿಗೆ ಕಳಿಸುತ್ತದೆ.

ತಾಳ್ಮೆಯೂ ಬೇಕು. ಒಂದು ಪಿಂಗ್ ತಪ್ಪಿದ ಕೂಡಲೇ ಲೈನ್ ಬದಲಿಸಬಾರದು. ಐದು ಸೆಕೆಂಡಿಗೊಂದು ಪಿಂಗ್, ಸತತ ಮೂರು ತಪ್ಪಿದರೆ ಲೈನ್ ಹೋಗಿದೆ ಎಂದು ತೀರ್ಮಾನ. ಅಲ್ಲಿಗೆ ಸುಮಾರು 15 ಸೆಕೆಂಡ್. ಮರಳಿ ಬರುವಾಗ ಇನ್ನೂ ನಿಧಾನ, ಸತತ ಹತ್ತು ಉತ್ತರ ಬಂದ ಮೇಲೆಯೇ. ಹರುಕುಮುರುಕು ಫೈಬರ್ ನಿಮಿಷಕ್ಕೊಮ್ಮೆ ಬಂದು ಹೋಗುತ್ತಿದ್ದರೆ, ಆತುರದ ರೌಟರ್ ಮನೆಯನ್ನೆಲ್ಲ ಅತ್ತಿಂದಿತ್ತ ಓಡಾಡಿಸುತ್ತದೆ. ಪೂರ್ತಿ ಸತ್ತ ಲೈನಿಗಿಂತ ಅದೇ ಹೆಚ್ಚು ಕಾಟ.

ಈಗ ನನಗೆ ತುಂಬಾ ದಿನ ಅರ್ಥವಾಗದೆ ಉಳಿದಿದ್ದ ಒಂದು ಪ್ರಸಂಗ. ಫೈಬರ್ ಹೋಯಿತು, ರೌಟರ್ ಮೊಬೈಲ್ ಲೈನಿಗೆ ತಿರುಗಿತು, ಬ್ರೌಸರ್ ಓಡುತ್ತಿದೆ, ಟಿವಿ ಓಡುತ್ತಿದೆ. ಮೇಜಿನ ಮೇಲಿನ ಐಪಿ ಫೋನ್ ಮಾತ್ರ ಮೂಕ. ಅರ್ಧ ಗಂಟೆ ಕಾದರೂ ಬರಲಿಲ್ಲ. ಫೋನನ್ನು ಆರಿಸಿ, ಕೆಲವು ನಿಮಿಷ ಬಿಟ್ಟು ಹಚ್ಚಿದರೆ ಸರಿಹೋಗುತ್ತದೆ; ಕೂಡಲೇ ಹಚ್ಚಿದರೆ ಇಲ್ಲ. ಕಾರಣ ನಾವು ಆಗಲೇ ಕಟ್ಟಿದ ನೆನಪಿನಲ್ಲೇ ಇತ್ತು. ಫೋನ್ ಟಿಸಿಪಿಯ ಬದಲು, ಸ್ವೀಕೃತಿಗೆ ಕಾಯದ ಯುಡಿಪಿ ಎಂಬ ನಿಯಮದಲ್ಲಿ ಮಾತಾಡುತ್ತದೆ, ಒಂದೇ ಪೋರ್ಟಿನಿಂದ ಒಂದೇ ಸರ್ವರಿಗೆ. ಅದರ ಸಾಲು ಸಂಪರ್ಕಗಳ ದಾಖಲೆಯಲ್ಲಿ ಗುರುತು 1ರ ಜೊತೆ ಕೂತಿದೆ. ಎರಡೂ ಬದಿಯಿಂದ ಮಾತು ನಡೆದ ಯುಡಿಪಿ ಸಾಲನ್ನು ಲಿನಕ್ಸ್ 120 ಸೆಕೆಂಡ್ ಸದ್ದಿಲ್ಲದಿದ್ದರೆ ಅಳಿಸುತ್ತದೆ. ಆದರೆ ಫೋನ್ 20 ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎಂದು ಪ್ಯಾಕೆಟ್ ಕಳಿಸುತ್ತಲೇ ಇರುತ್ತದೆ. ಪ್ರತಿ ಸಲವೂ ಗಡಿಯಾರ ಮತ್ತೆ ಮೊದಲಿನಿಂದ ಶುರು. ಸಾಲು ಅಳಿಯುವುದಿಲ್ಲ, ಗುರುತು ಬದಲಾಗುವುದಿಲ್ಲ, ಪ್ಯಾಕೆಟ್ ಸತ್ತ ಫೈಬರಿಗೇ ಹೋಗುತ್ತದೆ. ಸಂಪರ್ಕ ಶುರುವಾದ ಲೈನಿನಲ್ಲೇ ಮುಗಿಯಬೇಕು ಎಂದು ನಾವು ಹಾಕಿದ ನಿಯಮವನ್ನು ರೌಟರ್ ನಿಷ್ಠೆಯಿಂದ ಪಾಲಿಸುತ್ತಿತ್ತು. ಆದ್ದರಿಂದ ಲೈನ್ ಸತ್ತಿತು ಎಂದು ತೀರ್ಮಾನವಾದ ಕ್ಷಣ, ಆ ಲೈನಿನ ಗುರುತು ಹೊತ್ತ ಸಾಲುಗಳನ್ನೆಲ್ಲ ದಾಖಲೆಯಿಂದ ಅಳಿಸಬೇಕು. ಫೈಬರ್ ಮರಳಿ ಬಂದಾಗ ಮಾತ್ರ ಅಳಿಸಬೇಡಿ. ಮೊಬೈಲ್ ಲೈನಿನಲ್ಲಿ ನಡೆಯುತ್ತಿರುವ ಕರೆ ಅಲ್ಲೇ ಮುಗಿಯಲಿ, ಹೊಸವು ಫೈಬರಿಗೆ ಹೋಗಲಿ.

ಜಾಲತಾಣದ ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಬಗ್ಗೆ ಒಂದು ಮಾತು. ಸೇವಾದಾತರ ಡಿಎನ್‌ಎಸ್ ಸರ್ವರುಗಳು ಸಾಮಾನ್ಯವಾಗಿ ತಮ್ಮ ಜಾಲದವರಿಗಷ್ಟೇ ಉತ್ತರಿಸುತ್ತವೆ. ಫೈಬರಿನವರ ಸರ್ವರನ್ನು ಮೊಬೈಲ್ ಲೈನಿನಿಂದ ಕೇಳಿದರೆ ಉತ್ತರ ಸಿಗದೆ, ಲೈನ್ ಚೆನ್ನಾಗಿದ್ದರೂ ‘ಇಂಟರ್‌ನೆಟ್ ಇಲ್ಲ’ ಎನಿಸುತ್ತದೆ. ಯಾವ ಲೈನಿನಿಂದಲೂ ಉತ್ತರಿಸುವ ಸಾರ್ವಜನಿಕ ಡಿಎನ್‌ಎಸ್ ಇಟ್ಟುಕೊಳ್ಳಿ, ಅಥವಾ ಒಂದೊಂದು ಸರ್ವರನ್ನು ಅದರ ಲೈನಿಗೆ ಕಟ್ಟಿ.

ಎರಡು ಮೋಡೆಮುಗಳೂ ಪೆಟ್ಟಿಗೆಯಿಂದ ಬರುವಾಗಲೇ 192.168.1.1 ಎಂಬ ಒಂದೇ ವಿಳಾಸ ಹೊತ್ತು ಬರುವುದುಂಟು. ಎರಡು ಬದಿಯಲ್ಲೂ ಒಂದೇ ಜಾಲವಿದ್ದರೆ ರೌಟರಿಗೆ ದಿಕ್ಕು ತಿಳಿಯುವುದಿಲ್ಲ, ಒಂದನ್ನು 192.168.2.1 ಮಾಡಿ, ಮನೆಯ ಒಳಜಾಲಕ್ಕೆ ಮೂರನೆಯದನ್ನು ಕೊಡಿ. ಒಂದು ಲೈನ್ ಪಿಪಿಪಿಒಇ (ಬಳಕೆದಾರ ಹೆಸರು, ಗುಪ್ತಪದ ಕೊಟ್ಟು ಸೇರುವ ಬಗೆ) ಆಗಿದ್ದರೆ ಅದರ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಸಾಮಾನ್ಯವಾಗಿ 1500 ಬೈಟ್ ಅಲ್ಲ, 1492. ಟಿಸಿಪಿಯ ತುಂಡುಗಳನ್ನು ಅದಕ್ಕೆ ತಕ್ಕಷ್ಟು ಚಿಕ್ಕದಾಗಿಸುವ ಎಂಎಸ್‌ಎಸ್ ಕ್ಲ್ಯಾಂಪಿಂಗ್ ಹಾಕಿಕೊಳ್ಳಿ. ಮೊಬೈಲ್ ಲೈನಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನೀವು ಸೇವಾದಾತರ ಇನ್ನೊಂದು ನ್ಯಾಟ್‌ನ ಹಿಂದೆ ಇದ್ದೀರಿ ಎಂದರ್ಥ. ಆ ಕಡೆಯಿಂದ ಪೋರ್ಟ್ ತೆರೆಯುವ ಆಸೆ ಬಿಡಿ. ಕ್ಯಾಮೆರಾದ ಉದಾಹರಣೆ ಕೊಟ್ಟೆನಲ್ಲ, ಅದು ಸಾಧ್ಯವಾಗುವುದು ಲೈನಿಗೆ ನಿಜವಾದ ಸಾರ್ವಜನಿಕ ವಿಳಾಸ ಸಿಕ್ಕಾಗ ಮಾತ್ರ.

ಈವರೆಗಿನದೆಲ್ಲ ಐಪಿ ವಿಳಾಸದ ಹಳೆಯ ಬಗೆಯಾದ ಐಪಿವಿ4ರ ಕಥೆ. ಹೊಸ ಬಗೆಯಾದ ಐಪಿವಿ6ರಲ್ಲಿ ನಾವು ನಿಂತಿರುವ ನೆಲವೇ ಬೇರೆ. ಅಲ್ಲಿ ಸಾಮಾನ್ಯವಾಗಿ ನ್ಯಾಟ್ ಇಲ್ಲ. ಪ್ರತಿ ಲೈನ್ ತನ್ನದೇ ಪೂರ್ವಾಂಕ, ಅಂದರೆ ವಿಳಾಸದ ಮೊದಲ ಭಾಗ, ಕೊಡುತ್ತದೆ, ಮನೆಯ ಪ್ರತಿ ಸಾಧನಕ್ಕೂ ಎರಡು ಲೈನುಗಳಿಂದ ಎರಡು ವಿಳಾಸ ಬರುತ್ತದೆ. ಯಾವ ವಿಳಾಸದಿಂದ ಮಾತು ಶುರು ಮಾಡಬೇಕು ಎಂಬುದನ್ನು ತೀರ್ಮಾನಿಸುವುದು ರೌಟರ್ ಅಲ್ಲ, ಸಾಧನ. 2012ರ ಆರ್‌ಎಫ್‌ಸಿ 6724 ಅದಕ್ಕೆ ನಿಯಮ ಕೊಡುತ್ತದೆ, ಆದರೆ ಯಾವ ಲೈನ್ ಈಗ ಬದುಕಿದೆ ಎಂಬುದು ಆ ನಿಯಮಕ್ಕೆ ಗೊತ್ತಿಲ್ಲ. ರೌಟರ್ ಮಾಡಬಹುದಾದದ್ದು ಎರಡು. ಬಂದ ವಿಳಾಸ ಯಾವ ಲೈನಿನದೋ ಅದೇ ಲೈನಿಗೆ ಕಳಿಸುವುದು, ಅಂದರೆ ತಲುಪುವ ವಿಳಾಸದ ಬದಲು ಕಳಿಸಿದವರ ವಿಳಾಸ ನೋಡಿ ದಾರಿ ಆರಿಸುವುದು. ಲೈನ್ ಸತ್ತಾಗ ಆ ಪೂರ್ವಾಂಕದ ಆದ್ಯತೆಯ ಅವಧಿ ಸೊನ್ನೆ ಎಂದು ಮನೆಯೊಳಗೆ ಸಾರುವುದು. ಆಗ ಹೊಸ ಸಂಪರ್ಕಗಳಿಗೆ ಸಾಧನಗಳು ಇನ್ನೊಂದು ವಿಳಾಸ ಹಿಡಿಯುತ್ತವೆ. ಪೂರ್ವಾಂಕವನ್ನಷ್ಟೇ ಬದಲಿಸುವ ಎನ್‌ಪಿಟಿವಿ6 ಎಂಬ ವಿಧಾನವೂ 2011ರಿಂದ ಇದೆ. ಆದರೆ ಮನೆಯೊಳಗೆ ಖಾಸಗಿ ಐಪಿವಿ6 ವಿಳಾಸ ಮಾತ್ರ ಇದ್ದರೆ, ಅದೇ 6724ರ ಆದ್ಯತೆಯ ಪ್ರಕಾರ ಸಾಧನಗಳು ಹೊರಲೋಕಕ್ಕೆ ಐಪಿವಿ4ನ್ನೇ ಮೊದಲು ಆರಿಸುತ್ತವೆ. ಹೀಗಾಗಿ ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ: ಐಪಿವಿ6ನ್ನು ಒಂದು ಲೈನಿನಲ್ಲಿ ಮಾತ್ರ ಇಟ್ಟುಕೊಳ್ಳಿ, ಆ ಲೈನ್ ಹೋದಾಗ ಪೂರ್ವಾಂಕವನ್ನು ಹಿಂತೆಗೆಯುವಂತೆ ಮಾಡಿ. ಉಳಿದದ್ದು ಕೈ ಪಳಗಿದ ಮೇಲೆ.

ಮೊದಲ ಪ್ರಶ್ನೆ ಇನ್ನೂ ಕೆಲವರ ಮುಖದಲ್ಲಿ ಕಾಣುತ್ತಿದೆ. ಎರಡೆತ್ತನ್ನು ಒಂದೇ ಗಾಡಿಗೆ ಕಟ್ಟಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ಎರಡು ತುದಿಯಲ್ಲಿರುವವರೂ ಒಪ್ಪಿದರೆ. ಮಲ್ಟಿಪಾತ್ ಟಿಸಿಪಿ 2013ರಲ್ಲಿ ಆರ್‌ಎಫ್‌ಸಿ 6824 ಆಗಿ ಬಂತು, 2020ರಲ್ಲಿ 8684 ಆಗಿ ಪರಿಷ್ಕಾರಗೊಂಡಿತು. ಒಂದು ಸಂಪರ್ಕದ ಕೆಳಗೆ ಹಲವು ಉಪಹರಿವುಗಳನ್ನು ಅದು ಇಡುತ್ತದೆ. ಆದರೆ ನೀವು ಮಾತಾಡುವ ಸರ್ವರಿಗೂ ಅದು ಬರಬೇಕು. ಬಹುಪಾಲು ಸರ್ವರುಗಳಿಗೆ ಬರುವುದಿಲ್ಲ. 2021ರ ಕ್ವಿಕ್, ಅಂದರೆ ಆರ್‌ಎಫ್‌ಸಿ 9000, ಸಂಪರ್ಕವನ್ನು ಆ ನಾಲ್ಕರ ಜೋಡಣೆಯಿಂದ ಬಿಡಿಸಿ ಬೇರೊಂದು ಗುರುತಿನ ಸಂಖ್ಯೆಗೆ ಕಟ್ಟಿತು. ಅದರಿಂದ ವಿಳಾಸ ಬದಲಾದರೂ ಸಂಪರ್ಕ ಉಳಿಯಬಲ್ಲದು, ಆದರೆ ಎರಡು ದಾರಿಯ ವೇಗ ಕೂಡುವುದಿಲ್ಲ.

ನಾನು ದಿನವೂ ಬಳಸುವುದು ಇನ್ನೊಂದು ಏರ್ಪಾಡು: ದತ್ತಾಂಶ ಕೇಂದ್ರವೊಂದರಲ್ಲಿ ಬಾಡಿಗೆಗೆ ಹಿಡಿದ ಚಿಕ್ಕ ಸರ್ವರ್, ರೌಟರಿನಿಂದ ಅಲ್ಲಿಗೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶದ ಗುಪ್ತ ಸುರಂಗ. ಕಚೇರಿಯ ಲ್ಯಾಪ್‌ಟಾಪಿನ ಸಂಪರ್ಕಗಳು ಮಾತ್ರ ಅದರೊಳಗೆ ಹೋಗುತ್ತವೆ. ಹೊರಲೋಕಕ್ಕೆ ಕಾಣುವುದು ಆ ಸರ್ವರಿನ ವಿಳಾಸ, ಅದು ಎಂದೂ ಬದಲಾಗುವುದಿಲ್ಲ. ಫೈಬರ್ ಸತ್ತು ಸುರಂಗ ಮೊಬೈಲ್ ಲೈನಿಗೆ ತಿರುಗಿದರೆ, ಸರಿಯಾದ ಕೀಲಿ ಹೊತ್ತ ಪ್ಯಾಕೆಟ್ ಹೊಸ ವಿಳಾಸದಿಂದ ಬಂದದ್ದನ್ನು ನೋಡಿ ವೈರ್‌ಗಾರ್ಡ್ ತನ್ನ ಕಡತವನ್ನು ತಾನೇ ತಿದ್ದಿಕೊಳ್ಳುತ್ತದೆ. ಒಳಗಿನ ಕರೆ ಕೆಲವು ಸೆಕೆಂಡ್ ನಿಂತು ಮುಂದುವರಿಯುತ್ತದೆ, ತುಂಡಾಗುವುದಿಲ್ಲ. ವೇಗ ಕೂಡುವುದಿಲ್ಲ, ಸರ್ವರಿನ ತನಕದ ವಿಳಂಬ ಸೇರುತ್ತದೆ. ಕರೆಗಳಿಗಾಗಿ ಅದನ್ನು ಸಂತೋಷದಿಂದ ತೆರುತ್ತೇನೆ.

ಕೊನೆಯದಾಗಿ ಪರೀಕ್ಷೆ. ಎರಡು ಲೈನುಗಳ ಕೇಬಲ್ಲೂ ಒಂದೇ ಕಂಬದಿಂದ ಇಳಿದು ಬಂದಿದ್ದರೆ, ಎರಡು ಮೋಡೆಮುಗಳೂ ಒಂದೇ ಪ್ಲಗ್ಗಿನಲ್ಲಿದ್ದರೆ, ನಿಮ್ಮ ಬಳಿ ಇರುವುದು ಎರಡು ಬಿಲ್ ಬರುವ ಒಂದು ಲೈನ್. ಹಾಗಾಗಿಯೇ ನಾನು ಒಂದು ತಂತಿಯದು, ಒಂದು ಗಾಳಿಯದು ಎಂದು ಆರಿಸುವುದು. ಮೋಡೆಮ್, ರೌಟರ್ ಎಲ್ಲವನ್ನೂ ಯುಪಿಎಸ್‌ಗೆ ಹಾಕುವುದು. ಪರೀಕ್ಷಿಸುವಾಗ ರೌಟರಿಗೂ ಮೋಡೆಮಿಗೂ ನಡುವಿನ ಕೇಬಲ್ ಕೀಳಬೇಡಿ. ಅದನ್ನು ಕಿತ್ತರೆ ದೀಪ ಆರುತ್ತದೆ, ರೌಟರಿಗೆ ತಕ್ಷಣ ತಿಳಿಯುತ್ತದೆ, ಪರೀಕ್ಷೆ ಸುಲಭವಾಗಿ ಪಾಸಾಗುತ್ತದೆ. ಮೋಡೆಮಿನ ಹಿಂಬದಿಯ, ಹೊರಗಿನಿಂದ ಬರುವ ಫೈಬರನ್ನು ಬಿಚ್ಚಿ. ಬಿಚ್ಚುವ ಮೊದಲು ಮೂರು ಕೆಲಸಗಳನ್ನು ನಡೆಯಲು ಬಿಡಿ: ಲ್ಯಾಪ್‌ಟಾಪಿನಲ್ಲಿ ಒಂದು ಕರೆ, ಟಿವಿಯಲ್ಲಿ ಒಂದು ವಿಡಿಯೊ, ಮತ್ತು ಒಂದು ಕಿಟಕಿಯಲ್ಲಿ ಸೆಕೆಂಡಿಗೊಂದು ಪಿಂಗ್. ಬಿಚ್ಚಿದ ಮೇಲೆ ಎಷ್ಟು ಪಿಂಗ್ ತಪ್ಪಿದವು ಎಂದು ಎಣಿಸಿ, ಕರೆ ತಾನಾಗಿ ಮರಳಿತೇ ಎಂದು ನೋಡಿ. ಹತ್ತು ನಿಮಿಷ ಹಾಗೇ ಬಿಟ್ಟು, ಐಪಿ ಫೋನಿನಿಂದ ಒಂದು ಕರೆ ಮಾಡಿ. ಆಮೇಲೆ ಫೈಬರ್ ಮತ್ತೆ ಸಿಕ್ಕಿಸಿ, ಆ ಕರೆ ನಡೆಯುತ್ತಿರುವಾಗಲೇ.